ಟಾಲರ್ ಸರಿ, ಬ್ಯೂಟಿಫುಲರ್ ಯಾಕೆ ತಪ್ಪು?

ಪ್ರಶ್ನೆ: ಮೇಡಂ, ನನ್ನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಡಿಗ್ರೀಸ್ ಆಫ್ ಕಂಪ್ಯಾರಿಸನ್ (ಹೋಲಿಸಿ ಹೇಳುವ ರೂಪಗಳು) ಟೆಸ್ಟಿನಲ್ಲಿ ‘ಮೋರ್ ಟಾಲರ್’ ಅಂತ ಬರೆದಿದ್ದಾಳೆ, ತಪ್ಪು ಹಾಕಿದ್ದಾರೆ. ‘ಬ್ಯೂಟಿಫುಲರ್’ಗೂ ತಪ್ಪು. ಸರಿ, ‘ಮೋರ್ ಕ್ಲೆವರ್’ ಅಂತ ಬರೆದರೆ ಅದಕ್ಕೂ ಕೆಂಪು ಗೆರೆ! ಯಾವುದಕ್ಕೆ ‘ಇ-ಆರ್’, ಯಾವುದಕ್ಕೆ ‘ಮೋರ್’ ಅಂತ ಹೇಗೆ ಹೇಳಿಕೊಡಲಿ?

ಉತ್ತರ (ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕಿ): ಮೂರನೆಯದಕ್ಕೆ ಹೋಗಿ ಮಾರ್ಕ್ಸ್ ಕೇಳಿ. ‘ಕ್ಲೆವರರ್’, ‘ಮೋರ್ ಕ್ಲೆವರ್’ ಎರಡೂ ನಡೆಯುತ್ತವೆ. ಸಿಂಪಲ್, ನ್ಯಾರೋ, ಕ್ವಯಟ್ ಕೂಡ ಹಾಗೇ.

ಉಳಿದೆರಡು ತಪ್ಪೇ. ಕನ್ನಡದಲ್ಲಿ ‘ಅವಳು ನನಗಿಂತ ಎತ್ತರ’ ಅಂದರೆ ಮುಗಿಯಿತು. ‘ಎತ್ತರ’ ಅಲ್ಲಾಡುವುದೇ ಇಲ್ಲ, ಕೆಲಸವೆಲ್ಲ ‘ಗಿಂತ’ನದು. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು, ಗುಣವಾಚಕವೂ ಬದಲಾಗಬೇಕು. ಅದಕ್ಕೇ ನಮ್ಮ ಮಕ್ಕಳು ಮೊದಲು ‘ಟಾಲ್ ದ್ಯಾನ್ ಮಿ’ ಅಂತ ಬರೆಯುತ್ತಾರೆ. ಬೈಸಿಕೊಂಡ ಮೇಲೆ ಯಾವುದಕ್ಕೂ ಇರಲಿ ಅಂತ ಎರಡನ್ನೂ ಸೇರಿಸಿ ‘ಮೋರ್ ಟಾಲರ್’ ಮಾಡುತ್ತಾರೆ. ಶೇಕ್ಸ್‌ಪಿಯರ್ ಕಾಲದಲ್ಲಿ ಹೀಗೆ ಎರಡೂ ಸೇರಿಸುವುದು ನಡೆಯುತ್ತಿತ್ತು. ಆದರೆ ಟೆಸ್ಟಿನಲ್ಲಿ ಆ ವಾದ ನಡೆಯಲ್ಲ.

ಇನ್ನು ಆಯ್ಕೆಯ ವಿಷಯ. ಸ್ಪೆಲ್ಲಿಂಗಿನ ಅಕ್ಷರ ಎಣಿಸಬೇಡಿ. ಪದ ಬಾಯಲ್ಲಿ ಎಷ್ಟು ತುಂಡಾಗಿ ಬರುತ್ತದೆ ನೋಡಿ. ‘ಟಾಲ್’ ಒಂದೇ ತುಂಡು, ಹಾಗಾಗಿ ಟಾಲರ್, ಟಾಲೆಸ್ಟ್. ‘ಬ್ಯೂ-ಟಿ-ಫುಲ್’ ಮೂರು ತುಂಡು, ಅದಕ್ಕೆ ಮೋರ್, ಮೋಸ್ಟ್. ಇಲ್ಲಿ ನಮಗೆ ಒಂದು ತೊಡಕು ಇದೆ. ನಾವು ಮಾತಾಡುವಾಗ ‘ಸ್ಮಾರ್ಟು’, ‘ಸ್ಟ್ರಾಂಗು’ ಅಂತೀವಿ, ಕೆಲವರು ‘ಇಸ್ಟ್ರಾಂಗು’ ಅಂತಾರೆ. ಮಗು ಹಾಗೇ ಎಣಿಸಿದರೆ ಮೂರು ಬರುತ್ತದೆ, ‘ಮೋರ್ ಸ್ಟ್ರಾಂಗ್’ ಅಂತ ಬರೆದುಬಿಡುತ್ತದೆ. ಹಿಂದಿನ ‘ಉ’, ಮುಂದಿನ ‘ಇ’ ಎರಡನ್ನೂ ಕಿತ್ತುಹಾಕಿ ಎಣಿಸಲು ಹೇಳಿ. ಸ್ಟ್ರಾಂಗ್ ಒಂದೇ ತುಂಡು, ಆದ್ದರಿಂದ ಸ್ಟ್ರಾಂಗರ್.

ಎರಡು ತುಂಡಿನವೇ ಕಾಟ. ಕೊನೆಯಲ್ಲಿ ‘ವೈ’ ಇದ್ದರೆ ಅದು ‘ಐ’ ಆಗಿ ಇ-ಆರ್ ಸೇರುತ್ತದೆ: ಹ್ಯಾಪಿ, ಹ್ಯಾಪಿಯರ್. ಕೇರ್‌ಫುಲ್, ಫೇಮಸ್, ಮಾಡರ್ನ್ ತರಹದವಕ್ಕೆ ಮೋರ್. ಟೈರ್ಡ್, ಬೋರ್ಡ್ (ಬೋರ್ ಆದ) ಪುಟ್ಟ ಪದಗಳಾದರೂ ಕ್ರಿಯಾಪದದಿಂದ ಬಂದವು, ಅವಕ್ಕೂ ಮೋರ್. ಗುಡ್-ಬೆಟರ್-ಬೆಸ್ಟ್, ಬ್ಯಾಡ್-ವರ್ಸ್-ವರ್ಸ್ಟ್ ಬಾಯಿಪಾಠವೇ ಗತಿ.

ಇನ್ನೊಬ್ಬರು: ಆಫೀಸಿನಲ್ಲಿ ಎಲ್ಲರೂ ‘ಹಿ ಈಸ್ ಸೀನಿಯರ್ ದ್ಯಾನ್ ಮಿ’ ಅಂತಾರೆ. ಸರಿನಾ?

ಉತ್ತರ: ಅಲ್ಲ, ‘ಸೀನಿಯರ್ ಟು ಮಿ’. ಸೀನಿಯರ್, ಜೂನಿಯರ್, ಸುಪೀರಿಯರ್ ಎಲ್ಲ ಲ್ಯಾಟಿನ್‌ನಿಂದ ಬಂದವು. ಅಲ್ಲೇ ಕಂಪ್ಯಾರಟಿವ್, ಅಂದರೆ ‘ಟಾಲರ್’ ತರಹದ ‘ಗಿಂತ’ ರೂಪ, ಆಗಿದ್ದವು. ಇವುಗಳ ಜೊತೆ ‘ದ್ಯಾನ್’ ಬರಲ್ಲ, ‘ಟು’ ಬರುತ್ತದೆ. ‘ಮೋರ್ ಸೀನಿಯರ್’ ಅಂತ ಹೇಳಿದಾಗ ಮಾತ್ರ ‘ದ್ಯಾನ್’ ಸರಿ.

ಮತ್ತೊಬ್ಬರು: ನಮ್ಮ ಹುಡುಗನಿಗೆ ‘ಬೆಂಗಳೂರು ಈಸ್ ದ ಬಿಗ್ಗೆಸ್ಟ್ ಸಿಟಿ ಇನ್ ಕರ್ನಾಟಕ’ ವಾಕ್ಯವನ್ನು ಕಂಪ್ಯಾರಟಿವ್‌ಗೆ ಬದಲಿಸಲು ಕೊಟ್ಟಿದ್ದರು. ‘ಬಿಗ್ಗರ್ ದ್ಯಾನ್ ಎನಿ ಸಿಟಿ ಇನ್ ಕರ್ನಾಟಕ’ ಅಂತ ಬರೆದ. ಅರ್ಧ ಮಾರ್ಕ್ ಹೋಯ್ತು, ಯಾಕೆ?

ಉತ್ತರ: ‘ಎನಿ ಅದರ್ ಸಿಟಿ’ ಆಗಬೇಕಿತ್ತು. ಬೆಂಗಳೂರೂ ಕರ್ನಾಟಕದಲ್ಲೇ ಇದೆ ಅಲ್ವಾ? ‘ಅದರ್’ ಬಿಟ್ಟರೆ ಬೆಂಗಳೂರು ಬೆಂಗಳೂರಿಗಿಂತಲೂ ದೊಡ್ಡದು ಅಂದ ಹಾಗಾಯಿತು. ನಾವೂ ‘ಬೇರೆ ಯಾವ ಊರಿಗಿಂತಲೂ’ ಅಂತಲೇ ಹೇಳುತ್ತೇವೆ. ಪಾಸಿಟಿವ್ ಡಿಗ್ರಿ, ಅಂದರೆ ಬರೀ ‘ಬಿಗ್’ ಇರುವ ಮೂಲ ರೂಪ, ಕೇಳಿದರೆ ‘ನೋ ಅದರ್ ಸಿಟಿ ಇನ್ ಕರ್ನಾಟಕ ಈಸ್ ಆಸ್ ಬಿಗ್ ಆಸ್ ಬೆಂಗಳೂರು’. ‘ಒನ್ ಆಫ್ ದ ಬಿಗ್ಗೆಸ್ಟ್’ ಬಂದರೆ ಮುಂದೆ ‘ಸಿಟೀಸ್’, ಬಹುವಚನ. ಇದನ್ನು ಪೇಪರಿನವರೂ ತಪ್ಪು ಬರೆಯುತ್ತಾರೆ. ಮತ್ತೆ ‘ಬಿಗ್ಗರ್’ಗೆ ಎರಡು ‘ಜಿ’ ಇವೆಯೋ ಇಲ್ಲವೋ ಒಮ್ಮೆ ನೋಡಿ. ಬಿಗ್, ಹಾಟ್, ಥಿನ್‌ಗಳಲ್ಲಿ ಕೊನೆಯ ಅಕ್ಷರ ಡಬಲ್ ಆಗುತ್ತದೆ. ಕೋಲ್ಡ್, ಡೀಪ್‌ಗೆ ಬೇಡ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ, ಈಗ ವೆರಿ ಬೆಟರ್ 😄

ಉತ್ತರ: ‘ಮಚ್ ಬೆಟರ್’! ‘ವೆರಿ’ ಗುಡ್ ಜೊತೆಗೆ ಹೋಗುತ್ತದೆ, ಬೆಟರ್ ಜೊತೆಗೆ ಹೋಗಲ್ಲ.