ಊರಂಚಿನ ಹಸಿರು ಜಾಗ ಉಳಿಸಿಕೊಂಡವರು ದಾರಿ ಹೇಳಿ

ಕೇಳಿದವರು, ಶಿವಮೊಗ್ಗ:
ಸವಳಂಗ ರಸ್ತೆ ಕಡೆ ನಮ್ಮ ಮನೆ. ಬಡಾವಣೆಯ ಹಿಂದೆ ನಾಲ್ಕೈದು ಎಕರೆ ಜಾಗ ಇದೆ. ಮತ್ತಿ, ಹೊನ್ನೆ, ನೇರಳೆ ಮರಗಳು, ತಗ್ಗಿನಲ್ಲಿ ಒಂದು ಸಣ್ಣ ಕಟ್ಟೆ. ಮಾಸ್ಟರ್ ಪ್ಲಾನ್‌ನಲ್ಲಿ ಪಾರ್ಕ್ ಮತ್ತು ತೆರೆದ ಜಾಗ ಅಂತ ಹಸಿರು ಬಣ್ಣ ಹಾಕಿದ್ದಾರೆ. ಕಳೆದ ವಾರ ಯಾರೋ ಬಂದು ಅಳತೆ ಮಾಡಿ ಸುಣ್ಣದ ಗೆರೆ ಎಳೆದು ಹೋದರು. ಅಂಗಡಿ ಸಂಕೀರ್ಣ ಬರುತ್ತದಂತೆ. ನಾವು ಹತ್ತು ಮನೆಯವರು ಒಟ್ಟಾಗಿದ್ದೇವೆ, ಆದರೆ ಯಾರಿಗೂ ಅನುಭವ ಇಲ್ಲ. ನೇರ ಕೋರ್ಟಿಗೆ ಹೋಗಬೇಕಾ?

ಗೋಪಾಳದಿಂದ:
ಕೋರ್ಟ್ ಆಮೇಲೆ. ಮೊದಲು ದಿನಪತ್ರಿಕೆ ನೋಡಿ. ಮಾಸ್ಟರ್ ಪ್ಲಾನ್‌ನಲ್ಲಿ ಪಾರ್ಕ್ ಅಂತ ಇರುವ ಜಾಗವನ್ನು ಬೇರೆ ಬಳಕೆಗೆ ಬದಲಾಯಿಸಬೇಕಾದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಜನರಿಂದ ಆಕ್ಷೇಪಣೆ ಕೇಳಬೇಕು. ನಾವು ಹುಡುಕಿದ ಪ್ರಕಟಣೆ ಟೆಂಡರ್, ಹರಾಜಿನ ಜಾಹೀರಾತುಗಳ ನಡುವೆ ಅಂಗೈಯಗಲ ಇತ್ತು. ಬಡಾವಣೆಯ ಹೆಸರೇ ಇರಲಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರ್, ಅಷ್ಟೇ.

ಹಾಗಾಗಿ ಸರ್ವೆ ನಂಬರ್ ಮೊದಲು ಗೊತ್ತು ಮಾಡಿಕೊಳ್ಳಿ. ಮೊಬೈಲಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲೇ ನಿಂತರೆ ತೋರಿಸುತ್ತದೆ. ನಾಲ್ಕೂ ಮೂಲೆಗೆ ನಡೆದು ಹೋಗಿ ನೋಡಿ. ನಾವು ಒಂದೇ ಅಂದುಕೊಂಡಿದ್ದ ಜಾಗ ಎರಡು ಸರ್ವೆ ನಂಬರಿನಲ್ಲಿ ಹಂಚಿಹೋಗಿತ್ತು. ನಾವು ಅರ್ಜಿ ಕೊಟ್ಟಿದ್ದು ಒಂದಕ್ಕೆ ಮಾತ್ರ. ಆ ತಪ್ಪಿಗೆ ಎರಡು ತಿಂಗಳು ಸುಮ್ನೆ ಹೋಯಿತು.

ಇನ್ನೊಂದು ಮಾತು. ಮೊದಲ ಸಲ ಪ್ರಕಟಣೆ ಕೊಟ್ಟ ಕಚೇರಿಗೆ ಆಕ್ಷೇಪಣೆ ಕೊಡಲು ಹೋದಾಗ ಗುಮಾಸ್ತರು ‘ಇಟ್ಟು ಹೋಗಿ ಸಾರ್, ನೋಡ್ತೀವಿ’ ಅಂದರು. ನಂಬಿ ಇಟ್ಟು ಬಂದೆ. ತಿಂಗಳಾದ ಮೇಲೆ ವಿಚಾರಿಸಿದರೆ ಅಂಥ ಪತ್ರವೇ ಬಂದಿಲ್ಲ ಅಂದರು. ಎರಡನೇ ಸಲ ಎರಡು ಪ್ರತಿ ಒಯ್ದೆ. ಒಂದು ಅವರಿಗೆ. ಇನ್ನೊಂದರ ಮೇಲೆ ಮೊಹರು, ತಾರೀಖು, ಪತ್ರ ಬಂದದ್ದಕ್ಕೆ ಕಚೇರಿಯವರು ಹಾಕುವ ಇನ್‌ವರ್ಡ್ ನಂಬರ್ ಬೀಳುವ ತನಕ ಆ ಮೇಜು ಬಿಟ್ಟು ಕದಲಲಿಲ್ಲ. ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದೆ. ವಿಚಾರಣೆಯ ದಿನ ನಮ್ಮ ಕೈ ಹಿಡಿದದ್ದು ಆ ಮೊಹರು.

ಪತ್ರದಲ್ಲಿ 1991ರ ಸುಪ್ರೀಂ ಕೋರ್ಟ್ ತೀರ್ಪನ್ನು ಸೇರಿಸಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋಗಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಅಂದರೆ ಯಾವ ವಕೀಲರಿಗೂ ಗೊತ್ತಾಗುತ್ತದೆ. ಆಸ್ಪತ್ರೆಯಂಥ ಒಳ್ಳೆ ಕೆಲಸಕ್ಕೇ ಪಾರ್ಕ್ ಕೊಡಬಾರದು ಅಂದ ಮೇಲೆ ಅಂಗಡಿ ಸಾಲಿಗೆ ಕೊಡಬಹುದಾ?

ಸಾಗರದಿಂದ:
ಪಹಣಿ ತೆಗೆಸಿದಿರಾ? ಜಾಗ ಯಾರದು ಅನ್ನುವುದರ ಮೇಲೆ ದಾರಿಯೇ ಬೇರೆ ಆಗುತ್ತದೆ. ನಮ್ಮ ಕಡೆ ಬಹಳ ಜಾಗ ಗೋಮಾಳ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಇಲ್ಲವೇ ಕಾನು (ದಟ್ಟ ಕಾಡು) ಅಂತ ಹಳೆ ದಾಖಲೆಯಲ್ಲಿದೆ. ಈಗಿನ ಪಹಣಿ ಒಂದನ್ನೇ ನೋಡಿ ಸುಮ್ಮನಾಗಬೇಡಿ, ತಾಲ್ಲೂಕು ಕಚೇರಿಯಲ್ಲಿ ಹಳೆಯದನ್ನೂ ಕೇಳಿ. ಅರಣ್ಯ ಅಂತ ಎಲ್ಲಾದರೂ ದಾಖಲಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬರಬಹುದು, ಆಗ ಕೇಂದ್ರದ ಒಪ್ಪಿಗೆ ಬೇಕಾಗುತ್ತದೆ. ಕಚೇರಿಯಲ್ಲಿ ಕಡತ ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. ನಾನು ನಾಲ್ಕು ಪುಟ ಬರೆದಿದ್ದೆ, ಹಾಗೇ ವಾಪಸ್ ಬಂತು.

ತೀರ್ಥಹಳ್ಳಿಯಿಂದ:
ಮರ ಎಣಿಸಿ! 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ, 50ಕ್ಕಿಂತ ಜಾಸ್ತಿ ಮರ ಕಡಿಯಲು ಅರ್ಜಿ ಬಂದರೆ ಸಾರ್ವಜನಿಕರಿಂದ ಆಕ್ಷೇಪಣೆ ಕೇಳಬೇಕು ಅಂತ ಇದೆ. ಅರ್ಜಿಯಲ್ಲಿ ಮರದ ಲೆಕ್ಕ ಕಡಿಮೆ ತೋರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೊಂದು ಮರಕ್ಕೂ ದಾರ ಸುತ್ತಿ ದಪ್ಪ ಅಳೆದೆವು. ಹಾಳೆ ಮೇಲೆ ನಂಬರ್ ಬರೆದು ಕಾಂಡಕ್ಕೆ ಹಿಡಿದು ಫೋಟೋ ತೆಗೆದೆವು. ಹಳೆ ನೇರಳೆಯ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಕಟ್ಟಿತ್ತು. ಪೊಟರೆಯ ಬಾಯಿಗೆ ಮೆತ್ತಿದ ಮಣ್ಣಿನ ಸಂದಿಯಿಂದ ಒಳಗಿದ್ದ ಹೆಣ್ಣಿನ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು, ಗಂಡು ಹಣ್ಣು ತಂದು ಕೊಡುತ್ತಿತ್ತು. ಆ ಫೋಟೋ ನೋಡಿದ ಮೇಲೆ, ಅಲ್ಲಿವರೆಗೆ ನಮಗ್ಯಾಕೆ ಅನ್ನುತ್ತಿದ್ದ ಮನೆಗಳವರೂ ಸಹಿ ಹಾಕಿದರು. ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಅದು ಇರಬೇಕು.

ಭದ್ರಾವತಿಯಿಂದ:
ನಾವು ಸೋತವರು. ಧರಣಿ ಮಾಡಿದೆವು, ಮನವಿ ಕೊಟ್ಟೆವು, ಪೇಪರಿನಲ್ಲೂ ಫೋಟೋ ಬಂತು. ಆಕ್ಷೇಪಣೆಯ ಕೊನೆ ದಿನ ಮಾತ್ರ ಯಾರೂ ನೋಡಿರಲಿಲ್ಲ. ಆಮೇಲೆ ಪರಿಸರದ ಪ್ರಕರಣ ನೋಡುವ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗೋಣ ಅಂದುಕೊಂಡೆವು. ಅಲ್ಲಿ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು, ಅದೂ ದಾಟಿತ್ತು. ಈಗಲೂ ಆ ರಸ್ತೆಯಲ್ಲಿ ಹೋಗಲು ಮನಸ್ಸು ಬರುವುದಿಲ್ಲ. ದಯವಿಟ್ಟು ತಾರೀಖು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ಹಳೆ ಪೇಪರ್‌ಗಳನ್ನೆಲ್ಲ ಹರವಿಕೊಂಡು ಕೂತಿದ್ದೆವು. ಪ್ರಕಟಣೆ ಸಿಕ್ಕಿತು, ನಮ್ಮದೇ ಸರ್ವೆ ನಂಬರ್. ಇನ್ನು ಒಂಬತ್ತು ದಿನ ಇದೆ. ಹತ್ತು ಮನೆಯವರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಸಾಕಾ?

ಗೋಪಾಳದಿಂದ:
ಬೇಡ. ಹತ್ತು ಮನೆಗೆ ಹತ್ತು ಪತ್ರ. ಒಂದನ್ನೇ ಜೆರಾಕ್ಸ್ ಮಾಡಬೇಡಿ, ಅವರವರ ಮಾತಿನಲ್ಲಿ ಅವರವರೇ ಬರೆಯಲಿ. ಹತ್ತಕ್ಕೂ ಬೇರೆ ಬೇರೆ ಇನ್‌ವರ್ಡ್ ನಂಬರ್ ಹಾಕಿಸಿ. ಸೋಮವಾರ ಬೆಳಿಗ್ಗೆ ಹೋಗುವುದಾದರೆ ಹೇಳಿ, ನಾನೂ ಜೊತೆಗೆ ಬರುತ್ತೇನೆ.