ಬೀದಳ್ಳಿಯಲ್ಲಿ ಹತ್ತಿ ಕುಕ್ಕೆಯಲ್ಲಿ ಇಳಿಯೋದು, ಒಂದೇ ಹಗಲಲ್ಲಿ: ಗೊತ್ತಿದ್ದವರು ಹೇಳಿ

ಕೇಳಿದ್ದು, ಮಡಿಕೇರಿಯಿಂದ

ಡಿಸೆಂಬರ್‌ನಲ್ಲಿ ಮೂರು ಜನ ಸೇರಿ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಕುಮಾರಪರ್ವತ ಹತ್ತಿ, ಶೇಷಪರ್ವತದ ಮೇಲೆ ಹಾದು, ಗಿರಿಗದ್ದೆಗಾಗಿ ಸುಬ್ರಹ್ಮಣ್ಯಕ್ಕೆ ಇಳಿಯುವ ಯೋಚನೆ. ಒಟ್ಟು 20 ಕಿ.ಮೀ. ಆಸುಪಾಸು. ಮೂವರೂ ವಾರಕ್ಕೆ ಮೂರು ದಿನ 8-10 ಕಿ.ಮೀ. ಓಡುತ್ತೇವೆ, ದಮ್ಮಿಗೆ ತೊಂದರೆ ಇಲ್ಲ. ಕತ್ತಲಾಗುವ ಮೊದಲು ಕುಕ್ಕೆ ಮುಟ್ಟಬೇಕು. ಎಲ್ಲಿ ಕೆಡುತ್ತದೆ, ಏನು ಕಟ್ಟಿಕೊಳ್ಳಬೇಕು?

ಶಾಂತಳ್ಳಿ ಕಡೆಯಿಂದ

ಕೆಡೋದು ಇಳಿತದಲ್ಲಿ. ಶಿಖರ 1,712 ಮೀಟರ್, ಕುಕ್ಕೆ ಬರೀ ನೂರಿಪ್ಪತ್ತು ಮೀಟರ್ ಹತ್ತಿರ. ಅಂದರೆ 1,600 ಮೀಟರ್‌ನಷ್ಟು ಇಳಿಯಬೇಕು, ಅದೂ ಹತ್ತಿ ದಣಿದ ಕಾಲಲ್ಲಿ. ಬೀದಳ್ಳಿ ಮೊದಲೇ ಎತ್ತರದ ಊರು, ಹಾಗಾಗಿ ಈ ಕಡೆಯ ಏರು ಅದರ ಅರ್ಧದಷ್ಟೂ ಇಲ್ಲ. ದಮ್ಮಿದೆ ಅಂತ ಇಲ್ಲಿ ಓಡಿ ಹತ್ತಿದವರು ಮಧ್ಯಾಹ್ನ ಗಿರಿಗದ್ದೆ ಇಳಿಜಾರಲ್ಲಿ ತೊಡೆ ನಡುಗಿ ಕೂರ್ತಾರೆ.

ಈ ಬದಿಯಲ್ಲಿ ಶಿಖರಕ್ಕೆ ಆರೇಳು ಕಿ.ಮೀ. ತೂಗುಸೇತುವೆ ದಾಟಿದ ಮೇಲೆ ಪೂರ್ತಿ ಕಾಡು, ನೆರಳು. ಕೊನೆಗೆ ಬೋಳು ಬಂಡೆಯ ಏರು. ಬೆಳಗಿನ ಮಂಜಿಗೆ ಬಂಡೆ ಒದ್ದೆ ಇದ್ದರೆ ಪಾಚಿ ಕಟ್ಟಿದ ಕಪ್ಪು ಪಟ್ಟಿಯ ಮೇಲೆ ಕಾಲಿಡಬೇಡಿ, ಬಿಳಿ ಒರಟು ಕಲ್ಲು ಹುಡುಕಿ ಪೂರ್ತಿ ಅಂಗಾಲು ಊರಿ. ಮಾತಾಡುತ್ತಾ ಹತ್ತುವಷ್ಟು ನಿಧಾನ ಹೋದರೂ ಮೂರೂವರೆ ಗಂಟೆಯಲ್ಲಿ ಮೇಲೆ. ಅದಕ್ಕಿಂತ ಬೇಗ ಹೋಗಿ ಉಳಿಸುವ ಅರ್ಧ ಗಂಟೆ ಇಳಿಯುವಾಗ ಎರಡು ಗಂಟೆ ತಿನ್ನುತ್ತದೆ.

ಟಿಕೆಟ್ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣದಲ್ಲಿ. ಯಾವ ಗೇಟಿನಿಂದ ಒಳಗೆ, ಯಾವ ಗೇಟಿನಿಂದ ಹೊರಗೆ ಅನ್ನೋದನ್ನು ಬುಕ್ ಮಾಡುವಾಗಲೇ ನೋಡಿ, ಹಿಂದಿನ ದಿನ ಬೀದಳ್ಳಿ ಚೆಕ್‌ಪೋಸ್ಟ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಪ್ಲಾಸ್ಟಿಕ್ ಎಣಿಸುತ್ತಾರೆ, ತಿಂಡಿಯನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡರೆ ಗೇಟಿನಲ್ಲಿ ಹೊತ್ತು ಹೋಗಲ್ಲ.

ಸುಬ್ರಹ್ಮಣ್ಯದಿಂದ

ಮೇಲಿನವರು ಹೇಳಿದ್ದು ಸರಿ ಮಾರಾಯ್ರೇ, ಆದರೆ ಇಳಿತ ಅಂದರೆ ಒಂದೇ ಥರ ಅಲ್ಲ. ಶಿಖರದಿಂದ ಪಶ್ಚಿಮಕ್ಕೆ ಇಳಿದು ಶೋಲಾ ಕಾಡು ಹೊಕ್ಕು ಮತ್ತೆ ಶೇಷಪರ್ವತಕ್ಕೆ ಏರು. ಮಂಜು ಕವಿದರೆ ಶಿಖರದ ಮೇಲೆ ಒಂದು ಸುತ್ತು ತಿರುಗಿದರೂ ದಿಕ್ಕು ತಪ್ಪುತ್ತದೆ, ಬಂದ ಬಂಡೆಯಲ್ಲೇ ವಾಪಸ್ ಇಳಿಯುವವರಿದ್ದಾರೆ. ಫೋನಿನ ದಿಕ್ಸೂಚಿ ನೋಡಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ.

ಶೇಷಪರ್ವತದಿಂದ ಕಲ್ಲುಮಂಟಪ, ಅಲ್ಲಿಂದ ಗಿರಿಗದ್ದೆ: ಇದು ಹುಲ್ಲುಗಾವಲು, ಒಂದು ಮರ ಇಲ್ಲ. ಡಿಸೆಂಬರ್ ಆದರೂ ಹನ್ನೆರಡರ ಬಿಸಿಲು ನೆತ್ತಿ ಸುಡುತ್ತದೆ. ಅಗಲ ಅಂಚಿನ ಟೋಪಿ ಬೇಕು. ದಾರಿಯ ಮೇಲೆ ಸಣ್ಣ ಜಲ್ಲಿ, ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಹಿಮ್ಮಡಿ ಊರಿ ಬ್ರೇಕ್ ಹಾಕಿದರೆ ಕುಂಡೆ ಮೇಲೆ ಕೂತಂತೆಯೇ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಗಿಡ್ಡ ಮಾಡಿ, ಮೈಭಾರ ಮುಂದಿನ ಕಾಲಿನ ನೇರಕ್ಕಿರಲಿ. ಊರುಗೋಲು ಇದ್ದರೆ ಇಳಿಯುವಾಗ 5-10 ಸೆಂ.ಮೀ. ಉದ್ದ ಮಾಡಿ.

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮೊದಲೇ ಹೇಳಿಟ್ಟರೆ ಸಿಗುತ್ತದೆ. ಅನ್ನ ಸಾರು ಬಡಿಸಿದರು ಅಂತ ಹೊಟ್ಟೆ ಬಿರಿಯ ಉಣ್ಣಬೇಡಿ, ಇನ್ನೂ ಐದಾರು ಕಿ.ಮೀ. ಕಾಡಿದೆ. ಬೇರು, ಕಲ್ಲು, ಮೇಲೆ ಒಣಗಿದ ಎಲೆ. ಕಾಲು ಉಳುಕುವುದು ಹೆಚ್ಚಾಗಿ ಈ ಕೊನೆಯ ಭಾಗದಲ್ಲೇ, ಮುಗಿಯಿತು ಅಂದುಕೊಂಡಾಗ. ಹೊರಗೆ ಆರರವರೆಗೆ ಬೆಳಕಿದ್ದರೂ ಕಾಡೊಳಗೆ ಐದೂವರೆಗೇ ಮಬ್ಬು. ಹಣೆಗೆ ಕಟ್ಟುವ ಟಾರ್ಚ್ ಮೂವರಿಗೂ ಬೇಕು, ಒಂದು ಸಾಲದು.

ವಿರಾಜಪೇಟೆಯಿಂದ

ಶೂ ಬಗ್ಗೆ ಯಾರೂ ಹೇಳಿಲ್ಲ. ಕೊಡಗಿನ ಮಳೆಗಾಲ ಕಳೆದ ಶೂ ಹೊರಗೆ ಹೊಸದಾಗಿ ಕಂಡರೂ ಒಳಗೆ ಸತ್ತಿರುತ್ತದೆ. ಟ್ರೆಕ್ಕಿಂಗ್ ಶೂಗಳ ನಡುವಿನ ಪದರ ಎಷ್ಟೋ ಸಲ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ನೊರೆಯದ್ದು; ಗಾಳಿಯ ತೇವಕ್ಕೆ ಅದು ವರ್ಷಗಳಲ್ಲಿ ಪುಡಿಯಾಗುತ್ತದೆ, ಬಳಸದೆ ಇಟ್ಟರೂ. ಹೊರಡುವ ವಾರ ಮೊದಲು ಶೂ ಎರಡೂ ತುದಿ ಹಿಡಿದು ಬಗ್ಗಿಸಿ, ಬದಿಯಲ್ಲಿ ಹೆಬ್ಬೆರಳಿನ ಉಗುರು ಒತ್ತಿ. ಕಚ್ಚು ಬಿದ್ದು ಪುಡಿ ಉದುರಿದರೆ ಅಥವಾ ಅಂಚಲ್ಲಿ ಕೂದಲೆಳೆ ಬಿರುಕು ಕಂಡರೆ ಅದನ್ನು ತೋಟಕ್ಕೆ ಹಾಕಿಕೊಳ್ಳಿ, ಬೆಟ್ಟಕ್ಕೆ ಬೇಡ. ಆದರೂ ಎರಡು ಮೀಟರ್ ಬಟ್ಟೆ ಟೇಪ್ ನೀರಿನ ಬಾಟಲಿಗೆ ಸುತ್ತಿಟ್ಟಿರಿ: ಅಟ್ಟೆ ಬಿಟ್ಟರೆ ಅಟ್ಟೆಗೆ, ಗುಳ್ಳೆ ಎದ್ದರೆ ಹಿಮ್ಮಡಿಗೆ.

ಶಿಖರದಲ್ಲಿ ಎರಡು ನಿಮಿಷ ಕೂತು ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಬೆರಳಿನ ಕಡೆ ಸಡಿಲ, ಕಣಕಾಲಿನ ಕಡೆ ಬಿಗಿ. ಮೇಲ್ತುದಿಯಲ್ಲಿ ಬಳಸದೆ ಬಿಡುವ ಎರಡನೇ ತೂತು ಇರುತ್ತದಲ್ಲ, ಲೇಸನ್ನು ಅದರೊಳಗೆ ಅದೇ ಬದಿಯಲ್ಲಿ ಹಾಕಿ ಸಣ್ಣ ಕುಣಿಕೆ ಮಾಡಿ. ಎಡ ತುದಿ ಬಲ ಕುಣಿಕೆಗೆ, ಬಲ ತುದಿ ಎಡ ಕುಣಿಕೆಗೆ ತೂರಿಸಿ ಎಳೆದು ಗಂಟು. ಹಿಮ್ಮಡಿ ಜಾರದೆ ನಿಲ್ಲುತ್ತದೆ, ಹೆಬ್ಬೆರಳು ಮುಂದಕ್ಕೆ ಗುದ್ದುವುದಿಲ್ಲ. ಇದನ್ನು ಬಿಟ್ಟವರ ಉಗುರು ಮರುದಿನ ಕಪ್ಪು. ಉಗುರು ಎರಡು ದಿನ ಮೊದಲೇ ಕತ್ತರಿಸಿ.

ಕುಶಾಲನಗರದಿಂದ

ನೀರು ತಲೆಗೆ 3 ಲೀಟರ್. ಕಲ್ಲುಮಂಟಪದ ಹತ್ತಿರದ ಹಳ್ಳವನ್ನು ನಂಬಿ ಕಡಿಮೆ ಹೊರಬೇಡಿ. ಹೊರುವ ಮೂರರಲ್ಲಿ ಒಂದು ಲೀಟರಿಗೆ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ) ಬೆರೆಸಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ, ಚಿಕ್ಕದನ್ನು ಲೀಟರಿಗೆ ಹಾಕಿದರೆ ಬರೀ ರುಚಿ. ಮನೆಯಲ್ಲಿ ಮಾಡುವುದಾದರೆ ಲೀಟರಿಗೆ ಮಟ್ಟಸವಾದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಬೆವರು ಹರಿಯುವಾಗ ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ಇಳಿದು ವಾಕರಿಕೆ, ತಲೆನೋವು. ಅದನ್ನು ಬಾಯಾರಿಕೆ ಅಂತ ತಿಳಿದು ಇನ್ನಷ್ಟು ಕುಡಿಯುವುದು ತಪ್ಪು.

ತಿನ್ನೋದು ಗಂಟೆಗೊಮ್ಮೆ, ಹಸಿವಿಗೆ ಕಾಯದೆ: ಎರಡು ಏಲಕ್ಕಿ ಬಾಳೆಹಣ್ಣು, ಅಥವಾ ನಾಲ್ಕೈದು ಖರ್ಜೂರ, ಅಥವಾ ಒಂದು ಕಡಲೆಮಿಠಾಯಿ. ಅಕ್ಕಿರೊಟ್ಟಿಗೆ ಜೇನು ಸವರಿ ಸುರುಳಿ ಸುತ್ತಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಪಂದಿಕರಿ ರಾತ್ರಿಗೆ ಇಟ್ಟುಕೊಳ್ಳಿ.

ಕಕ್ಕಬ್ಬೆಯಿಂದ

ಓಡುವವರಿಗೆ ಒಂದು ಮಾತು. ಸಮತಟ್ಟಿನ ಓಟ ಇಳಿಯುವ ತೊಡೆಯನ್ನು ತಯಾರು ಮಾಡುವುದಿಲ್ಲ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ಹೊರುತ್ತದೆ, ನೋವು ಅದರದ್ದು. ಒಳ್ಳೆಯದೇನೆಂದರೆ ಒಂದು ಸಲ ಚೆನ್ನಾಗಿ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಹೊರಡುವ 10-14 ದಿನ ಮೊದಲು ತಡಿಯಂಡಮೋಳಿಗೆ ಬನ್ನಿ, 1,748 ಮೀಟರ್. ನಾಲ್ಕುನಾಡು ಅರಮನೆ ಹತ್ತಿರ ಗಾಡಿ ಬಿಟ್ಟು ಹತ್ತಿ, ಅದೇ ಶೂ, ಅದೇ ಚೀಲ, ಅಷ್ಟೇ ನೀರು. ಇಳಿಯುವಾಗ ನಿಲ್ಲಬೇಡಿ. ಕೊನೆಯ ವಾರ ಮಾತ್ರ ಏನೂ ಬೇಡ, ಅಡ್ಡಾಡಿಕೊಂಡಿರಿ.

ಕೇಳಿದವರು

ಎಲ್ಲರಿಗೂ ಉಪಕಾರ. ಎರಡು ಉಳಿದಿವೆ: ಹೊತ್ತಿನ ಲೆಕ್ಕ, ಜಿಗಣೆ.

ಶಾಂತಳ್ಳಿ ಕಡೆಯಿಂದ

ಡಿಸೆಂಬರ್‌ನಲ್ಲಿ ಜಿಗಣೆ ತೊರೆ ಪಕ್ಕ ಅಲ್ಲೊಂದು ಇಲ್ಲೊಂದು. ಕಚ್ಚಿದರೆ ಬಾಯಿಯ ಪಕ್ಕ ಉಗುರು ತೂರಿಸಿ ಸರಿಸಿ, ಅಷ್ಟೇ. ಆನೆ ಲದ್ದಿ ಬಿಸಿಯಾಗಿ ಕಂಡರೆ ಮಾತು ನಿಲ್ಲಿಸಿ ಕಿವಿ ಕೊಡಿ, ಅದು ಜಿಗಣೆಗಿಂತ ಮುಖ್ಯ.

ಹೊತ್ತು: ಆರೂವರೆಗೆ ಗೇಟ್ ಬಿಟ್ಟರೆ ಹತ್ತಕ್ಕೆ ಶಿಖರ, ಹನ್ನೊಂದಕ್ಕೆ ಶೇಷಪರ್ವತ, ಒಂದೂವರೆಗೆ ಗಿರಿಗದ್ದೆ, ನಾಲ್ಕಕ್ಕೆ ಕುಕ್ಕೆ. ತೀರ್ಮಾನ ಮಾಡುವ ಜಾಗ ಶಿಖರವೇ. ಅಲ್ಲಿಂದ ಬೀದಳ್ಳಿಗೆ ಆರೇಳು ಕಿ.ಮೀ., ಕುಕ್ಕೆಗೆ ಹದಿಮೂರು. ಹನ್ನೆರಡಾದರೂ ಮೇಲೆ ಮುಟ್ಟಿಲ್ಲ, ಅಥವಾ ಮೂವರಲ್ಲಿ ಒಬ್ಬರ ಮಂಡಿ ಹಿಡಿದಿದೆ ಅಂದರೆ ಬಂದ ದಾರಿಯಲ್ಲೇ ವಾಪಸ್. ಅದಕ್ಕೇ ಗಾಡಿಯ ಕೀಲಿ ನಿಮ್ಮ ಹತ್ತಿರವೇ ಇರಲಿ. ಕುಕ್ಕೆಗೆ ಇನ್ನೊಂದು ಗಾಡಿ ಬರಹೇಳಿದ್ದರೆ ಶಿಖರ ಬಿಡುವ ಮೊದಲು ಫೋನ್ ಹತ್ತುತ್ತದಾ ನೋಡಿ, ಅವರು ಬಿಸಿಲೆ ಘಾಟಿ ಸುತ್ತಿ ಬರಬೇಕಲ್ಲ.