ಪದಚರ್ಚೆ: ‘ಚಾರ್ಟರ್’ ಮಾಡಿದ ವಿಮಾನಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದಕ್ಷಿಣ ಅಮೆರಿಕದಲ್ಲಿ ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ಇಡೀ ವಿಮಾನವನ್ನೇ ತಮಗಾಗಿ ಹಿಡಿದು ಹೋಗುವವರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ಯೂನಸ್ ಐರಿಸ್‌ನಿಂದ ಸಾಂಟಿಯಾಗೊ, ಲಿಮಾದಿಂದ ಲಾ ಪಾಸ್, ಹೀಗೆ. ಮೂಲದಲ್ಲಿ ಹೆಜ್ಜೆಹೆಜ್ಜೆಗೂ ‘ಚಾರ್ಟರ್’. ಹಾಗೇ ಬಿಟ್ಟರೂ ಓದುಗರಿಗೆ ಅರ್ಥವಾಗುತ್ತದೆ, ನಿಜ. ಆದರೆ ಈ ಕೆಲಸಕ್ಕೆ ನಮ್ಮಲ್ಲಿ ಆಗಲೇ ಮಾತು ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಖಾಸಗಿ ವಿಮಾನ’ ಮತ್ತು ‘ವಿಶೇಷ ವಿಮಾನ’. ಎರಡೂ ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲಿ ‘ಖಾಸಗಿ ಬಸ್’ ಅಂದರೆ ಸರ್ಕಾರದ್ದಲ್ಲದ ಬಸ್, ಅಷ್ಟೇ. ಟಿಕೆಟ್ ತಗೊಂಡರೆ ಯಾರು ಬೇಕಾದರೂ ಹತ್ತಬಹುದು. ಅಂದರೆ ಕನ್ನಡದ ‘ಖಾಸಗಿ’ ಹೇಳುವುದು ಮಾಲೀಕ ಯಾರು ಅನ್ನುವುದನ್ನು, ಒಳಗೆ ಯಾರು ಕೂತಿದ್ದಾರೆ ಅನ್ನುವುದನ್ನಲ್ಲ. ‘ವಿಶೇಷ ವಿಮಾನ’ ಅಂದ ತಕ್ಷಣ ಮಂತ್ರಿಗಳೋ, ಯುದ್ಧದ ನಾಡಿನಿಂದ ಜನರನ್ನು ಕರೆತರುವ ವಿಮಾನವೋ ನೆನಪಾಗುತ್ತದೆ.

ಇದು ಸುಮ್ನೆ ಎತ್ತಿದ ತಕರಾರಲ್ಲ. ಲೇಖನದಲ್ಲಿ 1972ರ ಪ್ರಸಂಗ ಬರುತ್ತದೆ. ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದ ಒಂದು ರಗ್ಬಿ ಕ್ಲಬ್ ಪಂದ್ಯ ಆಡಲು ಚಿಲಿಯ ರಾಜಧಾನಿ ಸಾಂಟಿಯಾಗೊಗೆ ಹೊರಟಿತು. ಅವರು ಹಿಡಿದದ್ದು ಉರುಗ್ವೆ ವಾಯುಪಡೆಯ ಫೇರ್‌ಚೈಲ್ಡ್ ವಿಮಾನ. ಅದು ಜೆಟ್ ಕೂಡ ಅಲ್ಲ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವಂಥದ್ದು. ಕ್ಲಬ್ಬಿನವರ ಜೊತೆ ಗೆಳೆಯರು, ನೆಂಟರು ಕೂಡ ಹತ್ತಿದರು. ಹವಾಮಾನ ಕೆಟ್ಟದ್ದರಿಂದ ವಿಮಾನ ಅರ್ಜೆಂಟೀನಾದ ಮೆಂಡೋಸಾದಲ್ಲಿ ಒಂದು ರಾತ್ರಿ ತಂಗಿ, ಅಕ್ಟೋಬರ್ 13ರಂದು ಮತ್ತೆ ಹಾರಿ, ಆಂಡೀಸ್ ಬೆಟ್ಟದಲ್ಲಿ ಬಿತ್ತು. 45 ಜನರಲ್ಲಿ 16 ಜನ ಬದುಕಿ ಉಳಿದರು. ಅವರೆಲ್ಲ ಹೊರಗೆ ಬಂದದ್ದು ಡಿಸೆಂಬರ್ ಕೊನೆಯ ಭಾಗದಲ್ಲಿ. ಈಗ ಹೇಳಿ, ಇದನ್ನು ‘ಖಾಸಗಿ ವಿಮಾನ’ ಅನ್ನಲು ಆಗುತ್ತದೆಯೇ? ವಿಮಾನ ಸರ್ಕಾರದ್ದು! ‘ವಿಶೇಷ ವಿಮಾನ’ ಅಂದರೆ ಸರ್ಕಾರವೇ ಆಟಗಾರರನ್ನು ಕಳಿಸಿತು ಅನ್ನುವ ತಪ್ಪು ಅರ್ಥ ಹುಟ್ಟುತ್ತದೆ.

ಹಳೆಯ ನಿಘಂಟಿನ ದಾರಿ ಹಿಡಿದು ‘ಗುತ್ತಿಗೆ ವಿಮಾನ’ ಅನ್ನೋಣ ಅಂತ ಒಬ್ಬ ಗೆಳೆಯರು ಹೇಳಿದರು. ಅದೂ ಹೊಂದುವುದಿಲ್ಲ. ಗುತ್ತಿಗೆ ಹಿಡಿದವನು ಆ ಕೆಲಸವನ್ನೋ ತೋಟವನ್ನೋ ತಾನೇ ನಡೆಸುತ್ತಾನೆ, ಲಾಭ ನಷ್ಟ ಅವನದು. ಚಾರ್ಟರ್‌ನಲ್ಲಿ ಹಾಗಲ್ಲ. ಪೈಲಟ್, ಇಂಧನ, ವಿಮೆ, ಹಾರಬೇಕೋ ಬೇಡವೋ ಅನ್ನುವ ತೀರ್ಮಾನ, ಎಲ್ಲ ಕಂಪನಿಯದೇ. ದುಡ್ಡು ಕೊಟ್ಟವರು ಎಲ್ಲಿಗೆ, ಯಾವಾಗ ಅಂತ ಹೇಳಿ ಕೂರುತ್ತಾರೆ. ಕಂಪನಿಗಳು ತಮ್ಮೊಳಗೇ ವಿಮಾನವನ್ನು ವರ್ಷಗಟ್ಟಲೆ ಲೀಸ್‌ಗೆ ಕೊಟ್ಟು ತಗೊಳ್ಳುತ್ತವಲ್ಲ, ‘ಗುತ್ತಿಗೆ’ಯನ್ನು ಅದಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ನನ್ನ ಆಯ್ಕೆ ಕ್ರಿಯಾಪದದಲ್ಲಿದೆ. ‘ಮದುವೆಗೆ ಬಸ್ ಗೊತ್ತು ಮಾಡಿದರು’, ‘ಧರ್ಮಸ್ಥಳಕ್ಕೆ ಗಾಡಿ ಮಾಡ್ಕೊಂಡು ಹೋದರು’ ಅನ್ನುತ್ತೇವಲ್ಲ, ಅಲ್ಲಿ ಎಲ್ಲವೂ ಬಂತು: ಇಡೀ ಗಾಡಿ ನಮಗೆ, ಡ್ರೈವರ್ ಅವರವನು, ಹೊತ್ತು ನಮ್ಮದು. ‘ಕ್ಲಬ್ಬಿನವರು ವಾಯುಪಡೆಯ ವಿಮಾನವನ್ನು ಗೊತ್ತು ಮಾಡಿಕೊಂಡು ಸಾಂಟಿಯಾಗೊಗೆ ಹೊರಟರು’ ಅಂತ ಬರೆದು ನೋಡಿದೆ. ಯಾವ ವಿವರಣೆಯೂ ಬೇಕಾಗಲಿಲ್ಲ. ವಿಮಾನಕ್ಕೆ ಇಂಥ ಮಾತು ತೀರಾ ಸಾದಾ ಆಯಿತು ಅನ್ನುವವರಿಗೆ ಒಂದು ಮಾತು. ಬ್ರೆಜಿಲ್‌ನಲ್ಲಿ ಇಂಥ ಕಂಪನಿಗಳನ್ನು ಕರೆಯುವುದೇ ‘ಟಾಕ್ಸಿ ಅಯೇರಿಯೊ’ ಅಂತ, ಅಂದರೆ ಆಕಾಶದ ಟ್ಯಾಕ್ಸಿ. ಸ್ಪ್ಯಾನಿಷ್‌ನಲ್ಲಿ ‘ಚಾರ್ತೆರ್’ ಜೊತೆಗೆ ‘ಫ್ಲೇತಾರ್’ ಅನ್ನುವ ಕ್ರಿಯಾಪದವೂ ಇದೆ, ಅದು ಹಡಗು ಹಿಡಿಯುವವರ ಮಾತು. ಅದೇ ಬೇರಿನ ‘ಫ್ಲೇತೆ’ಯನ್ನು ಬ್ಯೂನಸ್ ಐರಿಸ್‌ನಲ್ಲಿ ಮನೆ ಸಾಮಾನು ಸಾಗಿಸಲು ಹಿಡಿಯುವ ಗಾಡಿಗೂ ಬಳಸುತ್ತಾರೆ. ಅವರಿಗೆ ಇಲ್ಲದ ಸಂಕೋಚ ನಮಗೇಕೆ?

ತೊಡಕು ಇರುವುದು ನಾಮಪದದಲ್ಲಿ. ‘ಗೊತ್ತಾದ ವಿಮಾನ’ ಅಂದರೆ ಪರಿಚಯದ ವಿಮಾನ ಆಗಿಬಿಡುತ್ತದೆ. ‘ಗೊತ್ತುಪಡಿಸಿದ ವಿಮಾನ’ ಅಂದರೆ ಯಾರೋ ನಿಗದಿ ಮಾಡಿದ್ದು. ಉಳಿಯುವುದು ‘ಬಾಡಿಗೆ ವಿಮಾನ’. ಮಂಗಳೂರು, ಪುತ್ತೂರು ಕಡೆ ‘ಸರ್ವಿಸ್’ ಮತ್ತು ‘ಬಾಡಿಗೆ’ ಅಂತ ಚೆನ್ನಾಗಿ ಬೇರೆ ಮಾಡುತ್ತಾರೆ. ಸರ್ವಿಸ್ ಜೀಪು ಅಂದರೆ ತಲೆಗೆ ಇಷ್ಟು ಅಂತ ಕೊಟ್ಟು ಹತ್ತುವುದು, ಬಾಡಿಗೆ ಅಂದರೆ ಇಡೀ ಜೀಪು ನಮ್ಮದು. ವೇಳಾಪಟ್ಟಿಯ ವಿಮಾನಕ್ಕೂ ಚಾರ್ಟರ್‌ಗೂ ಇರುವ ವ್ಯತ್ಯಾಸ ಅದೇ ಅಲ್ವಾ? ಹಾಗಾಗಿ ‘ಗೊತ್ತು ಮಾಡು’ ಕ್ರಿಯೆಗೆ, ‘ಬಾಡಿಗೆ ವಿಮಾನ’ ಹೆಸರಿಗೆ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಘಟ್ಟದ ಮೇಲಿನವರಿಗೆ ‘ಬಾಡಿಗೆ ವಿಮಾನ’ ಓದಿದಾಗ ‘ಇಡೀ ವಿಮಾನ’ ಅನ್ನುವ ಅರ್ಥ ಬರುತ್ತದೆಯೇ, ಅದನ್ನು ಹೇಳಿ.

ಇನ್ನೆರಡು ಸಣ್ಣ ವಿಷಯ. ಗಿರಾಕಿಯನ್ನು ಇಳಿಸಿ ವಿಮಾನ ಖಾಲಿ ಹಿಂದಿರುಗುವಾಗ ಆ ಹಾರಾಟವನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ನಮ್ಮ ಟ್ಯಾಕ್ಸಿಯವರು ‘ರಿಟರ್ನ್ ಗಾಡಿ’ ಅನ್ನುವುದು ಇದನ್ನೇ. ಇದಕ್ಕೆ ನಿಮ್ಮ ಊರಿನ ಚಾಲಕರು ಬೇರೆ ಮಾತು ಆಡುತ್ತಿದ್ದರೆ ದಯವಿಟ್ಟು ಬರೆಯಿರಿ. ಎರಡನೆಯದು ಲಾ ಪಾಸ್. ಬೊಲಿವಿಯಾದ ಸಂವಿಧಾನದ ಪ್ರಕಾರ ರಾಜಧಾನಿ ಸುಕ್ರೆ, ಸರ್ಕಾರ ಕೂರುವುದು ಲಾ ಪಾಸ್‌ನಲ್ಲಿ. ಮೂಲ ಲೇಖಕರು ಲಾ ಪಾಸ್ ಅನ್ನು ನೇರವಾಗಿ ರಾಜಧಾನಿ ಅಂದಿದ್ದಾರೆ. ನಾನು ‘ಆಡಳಿತ ನಡೆಯುವ ಊರು’ ಅಂತ ಬದಲಿಸಲೇ, ಅಥವಾ ‘ಆಡಳಿತ ರಾಜಧಾನಿ’ ಸಾಕೇ?